ತಟ್ಟೆ ಇಳಿಯುವ ತನಕ

ನ್ಯಾಮತಿಯ ಗುರುಬಸವರಾಜನಿಗೆ ಆ ಭಾನುವಾರ ಮಧ್ಯಾಹ್ನ ಬಿಳಿಚೋಡಿನಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ಅಕ್ಕ-ಭಾವ ದಾವಣಗೆರೆಯಲ್ಲಿ ಕೂಡಿಕೊಳ್ಳುವವರಿದ್ದರು. ಹಿಂದಿನ ಎರಡು ಸಂಬಂಧಗಳು, ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತ ಅವನು ಹೊತ್ತು ಮರೆತದ್ದರಿಂದಲೇ ಮುರಿದಿದ್ದವು. ಈ ಸಲ ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆಯೇ ಹೊರಟ. ಆಗ ಪಕ್ಕದ ಮನೆಯ ಸ್ಯಾಮುವೇಲಪ್ಪ ಅಡ್ಡ ಬಂದರು.

"ನಮ್ಮ ಕೀಬೋರ್ಡ್ ಹುಡುಗಂಗೆ ಜ್ವರ ಕಣಪ್ಪ. ಚರ್ಚಿನಾಗೆ ಕೊನೇಲಿ ಒಂದು ಸ್ತುತಿಗೀತೆ ಐತೆ, ಅದೊಂದು ನುಡಿಸಿ ಹೋಗು."

"ಬಸ್ ತಪ್ಪಿದ್ರೆ ಈ ಜನ್ಮದಾಗೆ ನಂಗೆ ಮದುವೆ ಇಲ್ಲ ಕಣ್ರೀ."

"ನಾಲ್ಕು ಸಾಲಿನ ಹಾಡಿಗೆ ಬಸ್ ಹೆಂಗೆ ತಪ್ಪುತ್ತಪ್ಪಾ?"

ಧಾಟಿಯನ್ನೂ ಅವರೇ ಗುನುಗಿ ತೋರಿಸಿದರು. ಗುರುಬಸವರಾಜನಿಗೆ ಇಲ್ಲ ಎನ್ನುವ ಅಭ್ಯಾಸವಿರಲಿಲ್ಲ.

ಆರಾಧನೆಯ ಕೊನೆಗೆ ಎಲ್ಲರೂ ಎದ್ದು ನಿಂತರು. ಸಭಾಪಾಲಕರು ಕಾಣಿಕೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾಲ್ಕು ಸಾಲು ಚೊಕ್ಕವಾಗಿ ಮುಗಿದವು. ತಟ್ಟೆ ಇಳಿಯಲಿಲ್ಲ. ಭಜನೆಯಲ್ಲಿ ಆರತಿ ತಟ್ಟೆ ಮೇಲಿರುವಾಗ ಮಂಗಳದ ಪದ ನಿಲ್ಲಿಸಿದರೆ ಹಿರಿಯರು ಕಣ್ಣಲ್ಲೇ ಸುಡುತ್ತಾರೆ. ಗುರುಬಸವರಾಜ ಮತ್ತೆ ಮೊದಲ ಸಾಲಿಗೆ ಹೋದ. ಸಭಾಪಾಲಕರಿಗೋ, ಸ್ತುತಿ ಮುಗಿಯದೆ ತಟ್ಟೆ ಇಳಿಸುವ ಪದ್ಧತಿಯಿಲ್ಲ. ಕೀಬೋರ್ಡ್ ನುಡಿಯುತ್ತಿರುವಾಗ ಬಾಯಿ ಮುಚ್ಚುವುದು ಜನಕ್ಕೆ ಸರಿಕಾಣಲಿಲ್ಲ.

ಹೀಗೆ ದೇವರ ಸ್ತುತಿ ನಡೆಯಿತು. ನಡೆಯುತ್ತಲೇ ಇತ್ತು. ಕಿಟಕಿಯಾಚೆ ದಾವಣಗೆರೆ ಬಸ್ ಹಾರ್ನ್ ಹೊಡೆದು ಹೋಯಿತು. ಗುರುಬಸವರಾಜನ ಕಣ್ಣು ತುಂಬಿ ಬಂತು. ಅದನ್ನು ಭಕ್ತಿಯೆಂದು ತಿಳಿದ ಮುಂದಿನ ಸಾಲಿನ ಅಜ್ಜಿಯರು ಇನ್ನಷ್ಟು ದನಿ ಏರಿಸಿದರು. ಕೊನೆಗೆ ಸಭಾಪಾಲಕರ ತೋಳುಗಳು ನೆನೆದ ಹಗ್ಗದಂತೆ ತಾವಾಗಿಯೇ ಜೋತುಬಿದ್ದವು. ಕೀಬೋರ್ಡ್ ತಕ್ಷಣ ನಿಂತಿತು.

ಹೊರಗೆ ಬಿಳಿ ಪಂಚೆಯ ಹಿರಿಯರೊಬ್ಬರು ಕೈ ಮುಗಿದರು. "ನಾನು ಬಿಳಿಚೋಡಿನ ಕಲ್ಲೇಶಪ್ಪ. ಹುಡುಗಿ ಅಪ್ಪ." ಗಂಡಿನ ಗುಣ ವಿಚಾರಿಸಲು ಯಾರಿಗೂ ಹೇಳದೆ ಬೆಳಿಗ್ಗೆಯೇ ಬಂದಿದ್ದರಂತೆ, ಟೀ ಅಂಗಡಿಯವನು ಚರ್ಚಿನ ಕಡೆ ಕೈ ತೋರಿಸಿದ್ದ.

ಗುರುಬಸವರಾಜನಿಗೆ ಹೋದ ಜೀವ ಬಂದಂತಾಯಿತು. ಬಸ್ ತಪ್ಪಿದರೂ ಮಾವ ಸಿಕ್ಕಿದ್ದರು.

"ಏನ್ ಕೈ ರೀ ನಿಮ್ದು! ನಮ್ಮ ಭಜನೆ ಸಂಘಕ್ಕೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸೋರು ಇಲ್ಲ. ಪ್ರತಿ ಸೋಮವಾರ ಬಿಳಿಚೋಡಿಗೆ ಬರಬೇಕು."

"ಆಗ್ಲಿ ರೀ. ಮತ್ತೆ... ಹುಡುಗಿ?"

"ಶಿವಲೀಲಾಗೆ ಫೋನ್ ಮಾಡಿ ನೀವು ನುಡಿಸೋದನ್ನ ಕೇಳಿಸ್ದೆ. ಪೂರ್ತಿ ಕೇಳಿದ್ಲು." ಕಲ್ಲೇಶಪ್ಪ ಕೆಮ್ಮಿದರು. "ಮನೇಲಿ ಭಜನೆಯೋನು ನಾನೊಬ್ನೇ ಸಾಕಂತೆ. ಬೇರೆ ಗಂಡು ನೋಡಪ್ಪ ಅಂದ್ಲು. ನೀವು ಸೋಮವಾರ ಮಾತ್ರ ತಪ್ಪಿಸ್ಬೇಡ್ರಿ."

ಅಷ್ಟರಲ್ಲಿ ಸ್ಯಾಮುವೇಲಪ್ಪ ಏದುಸಿರು ಬಿಡುತ್ತ ಓಡಿ ಬಂದರು. "ಇನ್ಮೇಲೆ ಭಾನುವಾರ ನೀನೇ ಅಂತ ಸಭೇಲಿ ಹೇಳಿಬಿಟ್ಟೆ ಕಣಪ್ಪ!"

ಗುರುಬಸವರಾಜ ಇಬ್ಬರಿಗೂ ಆಗಲಿ ಎಂದ.