ಸೊನ್ನೆಗಿಂತ ಕೆಳಗೆ ಇಳಿಸಲಾಗದ ಬೆಲೆ

ಜೀವಕ್ಕೆ ಬೆಲೆ ಕಟ್ಟಲಾಗದು ಎನ್ನುವವರು ನನ್ನ ಸೋದರಮಾವನನ್ನು ಕಂಡಿಲ್ಲ. ಕಟ್ಟುವುದಿರಲಿ, ನೀವು ಕಟ್ಟಿಕೊಂಡ ಬೆಲೆಯನ್ನು ನಿಮ್ಮೆದುರೇ ಅರ್ಧಕ್ಕೆ ಇಳಿಸಿ, "ನಿಮ್ಮ ಜೀವಕ್ಕ ಇಷ್ಟ ಭಾಳಾತು ಬಿಡ್ರಿ" ಎಂದು ನಿಮ್ಮನ್ನೇ ಒಪ್ಪಿಸಬಲ್ಲ ಜಾಣರು ಅವರು!

ಚೌಕಾಸಿ ಮಾಡದೆ ಮಾಮಾ ಜನ್ಮದಲ್ಲಿ ಏನನ್ನೂ ಕೊಂಡವರಲ್ಲ. ಅವರು ಸಂತೆಯ ಆ ತುದಿಯಲ್ಲಿ ಕಂಡರೆ ಸಾಕು, ಈ ತುದಿಯ ಕಾಯಿಪಲ್ಲೆಯವರು ದರ ಏರಿಸಿಕೊಂಡು ಸಿದ್ಧರಾಗುತ್ತಾರೆ. ಒಮ್ಮೆ ಬಸ್ ಕಂಡಕ್ಟರನಿಗೇ, "ಕುಷ್ಟಗಿ ತನಕಾ ನಿಂತಕೊಂಡ ಬರ್ತೀನಿ, ಎಷ್ಟ ಬಿಡ್ತಿ?" ಎಂದು ಕೇಳಿದ್ದರು. ಪಕ್ಕದಲ್ಲಿದ್ದ ನಾನು ಕಿಟಕಿಯಾಚೆ ಇಲ್ಲದ ಹಕ್ಕಿಗಳನ್ನು ಎಣಿಸುತ್ತ ಕೂತೆ. ಕಾನ್ವೆಂಟಿನಲ್ಲಿ ಕಲಿತ ಪೆದ್ದಿ ನಾನು; ಹೇಳಿದಷ್ಟು ಕೊಟ್ಟು ಮೇಲೊಂದು ಥ್ಯಾಂಕ್ಸ್ ಹೇಳಿ ಬರುವವಳು. ಮಾಮಾನ ಲೆಕ್ಕದಲ್ಲಿ ನಾನು ವಂಶಕ್ಕೇ ಕಳಂಕ!

ಇಂಥವರು ಮಾಸ್ತರಿಕೆಯಿಂದ ನಿವೃತ್ತರಾಗಿ ಕೂತಿದ್ದಾಗ ಧಾರವಾಡದ ಕಡೆಯಿಂದ ಒಬ್ಬ ಸಂಶೋಧಕಿ ಬಂದಳು. ಮಾಮಾನ ಊರು ಕೊಪ್ಪಳದ ಹೊರಗೆ, ಕಾರ್ಖಾನೆಗಳ ಹೊಗೆ ಬಂದಿಳಿಯುವ ದಿಕ್ಕಿನಲ್ಲಿದೆ. ಬೆಳಿಗ್ಗೆ ಒಣಗಹಾಕಿದ ಬಿಳಿ ಧೋತರ ಮಧ್ಯಾಹ್ನಕ್ಕೆ ಬೂದಿ ಬಣ್ಣ. ಮೊಸರಿನ ಮೇಲೆ, ಒಗ್ಗರಣೆಯನ್ನೇ ಹಾಕದಿದ್ದರೂ, ಸಾಸಿವೆಯಂಥ ಕರಿ ಚುಕ್ಕೆಗಳು! ಆ ಹುಡುಗಿ ಮನೆಮನೆಯಲ್ಲೂ ಕೇಳಿಸಬೇಕಿದ್ದದ್ದು ಒಂದೇ ಪ್ರಶ್ನೆ: ಗಾಳಿಯ ಧೂಳು ತಗ್ಗಿ, ಅದರಿಂದ ಜೀವಕ್ಕಿರುವ ಅಪಾಯ ತುಸು ಕಡಿಮೆಯಾಗುವುದಾದರೆ, ತಿಂಗಳಿಗೆ ಎಷ್ಟು ಹಣ ಕೊಡಲು ನೀವು ತಯಾರು? ಉತ್ತರಗಳನ್ನೆಲ್ಲ ಕೂಡಿಸಿ, ಈ ಜನಕ್ಕೆ ಒಳ್ಳೆಯ ಗಾಳಿ ಎಷ್ಟು ಬೆಲೆಬಾಳುತ್ತದೆಂದು ಸರ್ಕಾರಕ್ಕೆ ತೋರಿಸುವುದು ಅವಳ ಆಸೆ. ಮನೆಮನೆಗೆ ಹೋಗಿ ಕೇಳಲು ಅವಳು ಗೊತ್ತುಮಾಡಿದ್ದು ಮಾಮಾನನ್ನು; ಜನ ಹೇಳಿದ್ದನ್ನು ಹಾಗೇ ಬರೆದುಕೊಳ್ಳುವುದು ಅವರ ಕೆಲಸ. ಅಷ್ಟೇ!

ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಅವರ ಮನೆಗೆ ಹೋಗಿದ್ದ ನಾನೂ ಒಂದು ದಿನ ಜೊತೆಗೆ ಹೊರಟೆ. ಮೊದಲ ಮನೆ ಟ್ರ್ಯಾಕ್ಟರ್ ಮಾಲೀಕನದು.

"ಐನೂರು ಬರಕೋರಿ ಮಾಸ್ತರ."

ಮಾಮಾ ಐನೂರು ಬರೆದು ಕೂಡಲೇ ಅದಕ್ಕೆ ಗೀಟು ಹೊಡೆದರು. "ಐನೂರ? ಹುಚ್ಚ ಹಿಡದೈತೇನಪಾ? ಗಾಳಿ ಪೂರಾ ಛಲೋ ಆಗೂದಿಲ್ಲ, ಒಂದೀಟ ಆಗ್ತೈತಿ. ನೂರಾ ಐವತ್ತ ಹಾಕ್ಲೇನು?"

"ಹಂಗಾರ ನಿಮ್ಮ ಮಾತಿಗೆ ಇನ್ನೂರ ಹಾಕ್ರಿ."

"ನಿಂದೂ ಬ್ಯಾಡ, ನಂದೂ ಬ್ಯಾಡ. ನೂರಾ ಎಪ್ಪತ್ತೈದು!"

ಇಬ್ಬರಿಗೂ ಪರಮ ಸಂತೋಷ. ಚಹಾ ಬಂತು.

ಎರಡನೆಯ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಮೊರ ಕೆಳಗಿಟ್ಟಳು. "ಅಲ್ಲೋ ತಮ್ಮಾ, ಹೊಗಿ ಬಿಡಾಂವ ಅಂವ, ರೊಕ್ಕಾ ಕೊಡಾಕಿ ನಾನ? ಯಾ ಊರ ನ್ಯಾಯನೋ ಇದು? ಸೊನ್ನಿ ಬರಕೋ!"

ಸೊನ್ನೆಯನ್ನು ಇನ್ನೂ ಕೆಳಗಿಳಿಸುವ ದಾರಿ ಕಾಣದೆ ಮಾಮಾ ಪೆನ್ನು ಕಚ್ಚುತ್ತ ಕೂತರು. ಅವರ ಜೀವಮಾನದ ಮೊದಲ ಸೋಲಿಗೆ ಸಾಕ್ಷಿ ನಾನೇ!

ವಾರದ ನಂತರ ಹಾಳೆಗಳನ್ನು ತಿರುವಿದ ಸಂಶೋಧಕಿಯ ಮುಖ ಬಿಳಿಚಿಕೊಂಡಿತು.

"ಸರ್, ಎಲ್ಲಾ ಹಾಳ್ಯಾಗೂ ಅಂಕಿ ಹೊಡದು ಹೊಡದು ಬರದೀರಲ್ರಿ?"

"ಒಬ್ಬೊಬ್ಬರಿಗೂ ಎಷ್ಟ ಉಳಿಸಿ ಕೊಟ್ಟೀನಿ ನೋಡವಾ!" ಮಾಮಾ ಮೀಸೆ ತಿರುವಿದರು.

"ಉಳಿಸಿಲ್ರಿ ಸರ್, ಇಡೀ ಊರಿನ ಜೀವಾನ ಅಗ್ಗ ಮಾಡಿಟ್ಟೀರಿ!" ಮತ್ತೆ ಹಾಳೆ ಎಣಿಸಿ, "ಒಂದು ಮನಿ ಕಡಿಮಿ ಐತಿ. ನಿಮ್ಮ ಮನೀದ ಎಲ್ಲಿ?" ಎಂದಳು.

ಆ ಹಾಳೆ ಖಾಲಿಯೇ ಇತ್ತು.

ಅತ್ತೆ ಒಳಗಿನಿಂದ ಚಹಾ ತಂದಿಟ್ಟರು. ಒಂದು ಕಾಲಕ್ಕೆ ಅತ್ತೆಯ ಬೈಗುಳವೆಂದರೆ ಪೂರ್ಣವಿರಾಮವಿಲ್ಲದ ಗದ್ಯ. ಶುರುವಾದರೆ ಪಕ್ಕದ ಮನೆಯವರು ರೇಡಿಯೋ ಆರಿಸಿ ಕೇಳುತ್ತಿದ್ದರು. ಈಗೆರಡು ವರ್ಷದಿಂದ ನಾಲ್ಕು ಮಾತಿಗೊಮ್ಮೆ ಕೆಮ್ಮು. ಧೂಳಿನಿಂದಲೇ ಹೀಗೆ, ಈ ಜಾಗ ಬಿಡಿ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಕೈಯಾರೆ ಕಟ್ಟಿಸಿದ ಮನೆ. "ನೋಡೂಣು" ಎನ್ನುತ್ತ ಮಾಮಾ ದಿನ ತಳ್ಳಿದ್ದರು.

"ಬರೀರಲ್ಲ," ಎಂದರು ಅತ್ತೆ ನಗುತ್ತ. "ಊರ ಮಂದೀದೆಲ್ಲಾ ಬರದ್ರಿ. ನನ್ನ ಉಸರಿಗೆ ಎಷ್ಟ..." ಉಳಿದ ಮಾತನ್ನು ಕೆಮ್ಮು ನುಂಗಿತು. ಸೆರಗು ಬಾಯಿಗೊತ್ತಿ ಒಳಗೆ ಹೋದರು.

ಮಾಮಾ ಪೆನ್ನು ತೆರೆದರು. ಹಾಳೆಯ ಮೇಲಿಟ್ಟರು. ಒಂದೇ ಕಡೆ ನಿಂತ ನಿಬ್ಬಿನಿಂದ ಶಾಯಿ ಹರಡಿ ನೀಲಿ ಚುಕ್ಕೆ ದೊಡ್ಡದಾಗುತ್ತಲೇ ಹೋಯಿತು. ಒಂದಂಕಿಯೂ ಮೂಡಲಿಲ್ಲ.

ಮರುವಾರ ಮಾಮಾ ಬಾಡಿಗೆ ಮನೆ ನೋಡಲು ನನ್ನನ್ನು ಆ ಹೊಗೆ ಮುಟ್ಟದ ಕನಕಗಿರಿಗೆ ಕರೆದೊಯ್ದರು. ಮಾಲೀಕ ಬಾಡಿಗೆ ಹೇಳಿದ. ಇನ್ನು ಒಂದು ತಾಸಿನ ಕಾಳಗವೆಂದು ನಾನು ಕಟ್ಟೆ ಜಾಡಿಸಿ ಕೂತೆ.

"ಆತ್ರಿ," ಎಂದರು ಮಾಮಾ.

ನಾನಲ್ಲ, ಮಾಲೀಕನೇ ಗಾಬರಿಯಾದ! "ಯಾಕ್ರಿ, ಮನ್ಯಾಗ ಏನಾರ ಐಬು ಕಂಡಿತೇನು? ಬೇಕಾರ ಇನ್ನೂರ ಬಿಡ್ತೀನಿ."

"ಬ್ಯಾಡ್ರಿ. ಗಾಳಿ ಯಾ ಕಡೆಯಿಂದ ಬರ್ತೈತಿ, ಅಷ್ಟ ಹೇಳ್ರಿ."

ಐದಾರು ತಿಂಗಳ ಮೇಲೆ ಅವರ ಆ ಹೊಸ ಮನೆಗೆ ಹೋದೆ. ಬಾಗಿಲ ಹೊರಗೆ ಮಾಮಾ ಚಪ್ಪಲಿಯನ್ನೂ ಬಿಡದೆ ಗೋಡೆಗೊರಗಿ ನಿಂತಿದ್ದರು. ಒಳಗೆ ಅತ್ತೆಯ ದನಿ:

"ಹಸಿ ಟಾವೆಲ್ ಹಾಸಗಿ ಮ್ಯಾಲ ಒಗೀಬ್ಯಾಡ್ರಿ ಅಂತ ಮದಿವ್ಯಾದಾಗಿಂದ ಬಡಕೊಂಡೆ, ಮಾಸ್ತರಿಕಿ ಮಾಡಿ ಊರ ಹುಡುಗರಿಗೆಲ್ಲಾ ಬುದ್ಧಿ ಹೇಳಿದ ಮನಷ್ಯಾಗ ಗೂಟ ಎಲ್ಲೈತಿ ಅಂತ ಗೊತ್ತಿಲ್ಲ, ನಿಮ್ಮವ್ವ ಕಲಸಲಿಲ್ಲ, ನಾನೂ ಕಲಸಾಕಾಗಲಿಲ್ಲ, ಇನ್ನ ಆ ದೇವರ ಬಂದ..."

ನಾನು "ಅತ್ತೀ" ಎನ್ನಲು ಬಾಯಿ ತೆರೆದೆ. ಮಾಮಾ ನನ್ನ ಮುಂಗೈ ಹಿಡಿದರು. ಅವರ ಕಣ್ಣು ತುಂಬಿತ್ತು.

"ತಡಿಯವಾ," ಎಂದರು ಪಿಸುಮಾತಿನಲ್ಲಿ, "ಪೂರ್ತಿ ಬೈಲಿ."