ಕಿಟಕಿಗೂ ಬೇಕಂತೆ ಪ್ರಮಾಣಪತ್ರ!

ಮನೆ ಮಾರುವುದೇನು ಮಹಾ ವಿದ್ಯೆ! ಬಾಯಲ್ಲಿ ಸತ್ಯ, ತಲೆಯಲ್ಲಿ ನೆನಪು ಇದ್ದರೆ ಸಾಕು. ನನ್ನಲ್ಲಿ ಎರಡೂ ತುಂಬಿ ತುಳುಕುತ್ತಿವೆ. ಇಂಗ್ಲೆಂಡಿನ ಕೀಥ್ಲಿಯ ನಮ್ಮ ಮನೆ ಮುಂದೆ ‘ಮಾರಾಟಕ್ಕಿದೆ’ ಫಲಕ ನೆಟ್ಟ ದಿನ ಹೆಂಡತಿ ಮೇವಿಸ್ ಎದುರು ಎದೆ ತಟ್ಟಿಕೊಂಡು ಹೀಗೆಂದು ಸಾರಿಬಿಟ್ಟೆ.

ಮೇವಿಸ್‌ಗೆ ಬೇಕಿದ್ದದ್ದು ಒಂದೇ: ಪಾತ್ರೆ ತೊಳೆಯುವಾಗ ಸಮುದ್ರ ಕಾಣಬೇಕು. ಇಷ್ಟು ವರ್ಷ ಅವಳಿಗೆ ಕಂಡದ್ದು ಪಕ್ಕದ ಮನೆಯವರು ಒಣಹಾಕಿದ ಚಡ್ಡಿಗಳು ಮಾತ್ರ. ಫೈಲಿಯ ಕಡಲತೀರದಲ್ಲಿ ಅಂಥದೊಂದು ಪುಟ್ಟ ಮನೆ ಕೊನೆಗೂ ಸಿಕ್ಕಿತ್ತು. ನಮ್ಮ ಮನೆಗೂ ಗಿರಾಕಿಗಳು ಬಂದಿದ್ದರು. ಇದು ಹೋದರೆ ಅದು ನಮ್ಮದು.

ಆಗ ನಮ್ಮ ವಕೀಲೆ ಮಿಸ್ ಪಾರ್ಕಿನ್ ಒಂದು ಪ್ರಶ್ನಾವಳಿ ಕಳಿಸಿದಳು. ‘ಕಿಟಕಿ ಬದಲಿಸಿದ್ದು ಯಾವಾಗ?’

“ಎರಡು ಸಾವಿರದ ನಾಲ್ಕು!” ಎಂದೆ. “ನೀಲಿ ಕಾರು ತಗೊಂಡ ವರ್ಷ.”

“ಅಲ್ಲ ಲೆನ್, ಅದಕ್ಕಿಂತ ಎಷ್ಟೋ ಮೊದಲು. ಮಗಳಿಗೆ ಚಿಕನ್ ಪಾಕ್ಸ್ ಆಗಿತ್ತಲ್ಲ, ಆಗ. ಆ ಗಾಜಲ್ಲೇ...”

“ಮೇವಿಸ್, ನೆನಪು ನನ್ನ ಇಲಾಖೆ. ನೀನು ಚಹಾ ಮಾಡು.”

ಚಹಾ ಬಂತು, ನನ್ನ ಉತ್ತರ ಹೋಯಿತು. ಅದರ ಹಿಂದೆಯೇ ಗ್ರಹಚಾರವೂ ಬಂತು, ಮಿಸ್ ಪಾರ್ಕಿನ್ ಮಾಡಿದ ಫೋನಿನಲ್ಲಿ.

“ಮಿಸ್ಟರ್ ಹಾರ್ಸ್‌ಫಾಲ್, ಎರಡು ಸಾವಿರದ ಎರಡರ ಏಪ್ರಿಲ್ ಆದಮೇಲೆ ಹಾಕಿಸಿದ ಕಿಟಕಿಗೆ ಪ್ರಮಾಣಪತ್ರ ಬೇಕು. ಎಲ್ಲಿದೆ?”

ನಾನೇ ಶಾಲೆಯಿಂದ ಒಂದೂ ಪ್ರಮಾಣಪತ್ರ ತಂದವನಲ್ಲ, ಇನ್ನು ಕಿಟಕಿಗೆ ಎಲ್ಲಿಂದ ತರಲಿ! ಆ ಕಿಟಕಿಗಳನ್ನು ಕೂರಿಸಿದ ರೆಗ್ ನನ್ನ ಪಬ್ಬಿನ ಗೆಳೆಯ. ಈಗ ಸ್ಪೇನಿನಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಮಲಗಿದ್ದಾನೆ.

“ಗಾಬರಿ ಬೇಡಿ, ಪತ್ರ ಇಲ್ಲದ್ದಕ್ಕೆ ಮುಂದೆ ಖರ್ಚು ಬಂದರೆ ಕೊಡೋ ಅಗ್ಗದ ವಿಮೆ ಸಿಗತ್ತೆ. ಆದರೆ ಒಂದು ಮಾತು...”

ಒಂದು ಮಾತು ಕೇಳುವ ತಾಳ್ಮೆ ಯಾರಿಗಿದೆ? ಫೋನಿಟ್ಟೆ. ವಿಮೆಯಂತೆ! ಹಾರ್ಸ್‌ಫಾಲ್ ವಂಶದವರು ಹಿಂಬಾಗಿಲಿನಿಂದ ಹೋಗುವವರಲ್ಲ! ನೆಟ್ಟಗೆ ಪ್ರಮಾಣಪತ್ರ ಕೊಡುವ ಊರಿನ ಕೌನ್ಸಿಲ್ ಕಚೇರಿಗೇ ಫೋನು ತಿರುಗಿಸಿದೆ.

“ಲೆನ್, ಮೊದಲು ಆ ಗಾಜು ನೋಡು...” ಎಂದಳು ಮೇವಿಸ್.

“ಶ್! ಸತ್ಯ ಹೇಳ್ತಾ ಇದೀನಿ!”

ಹೇಳಿದೆ. ರೆಗ್‌ನ ವಿಷಯವನ್ನೂ ಬಿಡದೆ ಹೇಳಿದೆ. ಗುರುವಾರ ಅಧಿಕಾರಿ ತಪಾಸಣೆಗೆ ಬರುತ್ತಾರೆ ಎಂದರು. ಹೆಮ್ಮೆಯಿಂದ ಮಿಸ್ ಪಾರ್ಕಿನ್‌ಗೆ ವರದಿ ಒಪ್ಪಿಸಿದೆ.

“ಅಯ್ಯೋ! ಕೌನ್ಸಿಲ್‌ಗೆ ಹೇಳಿಬಿಟ್ರಾ? ಅವರ ಕಿವಿಗೆ ಬಿದ್ದಮೇಲೆ ಆ ವಿಮೆ ಯಾರೂ ಕೊಡಲ್ಲ!”

“ನಾನು ಪ್ರಾಮಾಣಿಕ ಮನುಷ್ಯ...”

“ಅದೇ ಈಗ ತೊಂದರೆ!”

ಅಲ್ಲಿಂದ ಶುರುವಾಯಿತು ನೋಡಿ. ಪ್ರಮಾಣಪತ್ರ ಇಲ್ಲದಿದ್ದರೆ ಮನೆ ಬೇಡ ಎಂದರು ನಮ್ಮ ಗಿರಾಕಿಗಳು. ನೀವು ತಡಮಾಡಿದರೆ ಬೇರೆಯವರು ಕಾದಿದ್ದಾರೆ ಎಂದರು ಫೈಲಿಯವರು. ಅಂದು ಸಂಜೆ ಮೇವಿಸ್ ಹೊಸ ಮನೆಗೆಂದು ಹೊಲಿದಿದ್ದ ನೀಲಿ ಪರದೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ.

ಮರುದಿನ ಊಟವಾದ ಮೇಲೆ ಬೆಕ್ಕಿನಂತೆ ಅವಳ ಹತ್ತಿರ ಸುಳಿದೆ. “ನಾನೇನಾದ್ರೂ ಮಾಡಲಾ?”

ಹಳೇ ಬಟ್ಟೆ, ವಿನೆಗರ್ ಬಾಟಲಿ ಕೈಗಿಟ್ಟಳು. “ಅಡುಗೆಮನೆ ಕಿಟಕಿ ಒರೆಸು. ಎಡಗಡೆ ಮೂಲೆ ಚೆನ್ನಾಗಿ ಉಜ್ಜು.”

ಉಜ್ಜಿದೆ. ಅದು ಜೋಡಿ ಗಾಜಿನ ಕಿಟಕಿ; ಎರಡು ಗಾಜುಗಳ ನಡುವಿನ ಲೋಹದ ಪಟ್ಟಿಯ ಮೇಲೆ ಇರುವೆ ಗಾತ್ರದ ಅಕ್ಷರಗಳು ಕಂಡವು. ಕನ್ನಡಕ ಹಾಕಿಕೊಂಡೆ. ಮಾರ್ಚ್, ತೊಂಬತ್ತೆಂಟು!

“ಮೇವಿಸ್! ಗಾಜು ತಯಾರಾದ ತಾರೀಖು ಇದೆ! ಕಾನೂನಿಗಿಂತ ಹಳೇ ಕಿಟಕಿ ಕಣೇ! ಪ್ರಮಾಣಪತ್ರವೇ ಬೇಕಿಲ್ಲ! ಕಂಡುಹಿಡಿದೆ!”

“ಪ್ರತಿ ಶನಿವಾರ ಅದರ ಮುಖ ಒರೆಸೋಳು ನಾನು. ಹೇಳೋಕೆ ಬಂದಾಗ ಚಹಾ ಮಾಡು ಅಂದೆ. ಬೆಳಿಗ್ಗೆನೇ ಫೋಟೋ ತೆಗೆದು ಮಿಸ್ ಪಾರ್ಕಿನ್‌ಗೆ ಕಳಿಸಿದೀನಿ. ಗಿರಾಕಿಗಳೂ ಒಪ್ಪಿದಾರೆ, ಅಧಿಕಾರಿನೂ ಬರಲ್ಲ.”

“ಮತ್ತೆ ನನ್ನ ಕೈಲಿ ಯಾಕೆ ಒರೆಸಿದೆ?”

“ಕೊಳೆಯಾಗಿತ್ತು, ಲೆನ್.”

ಈಗ ಫೈಲಿಯಲ್ಲಿದ್ದೇವೆ. ನೀಲಿ ಪರದೆಗಳಾಚೆ ಸಮುದ್ರ ಇದೆ, ಮೇವಿಸ್ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಾಳೆ. ಆದರೆ ಉಪ್ಪುಗಾಳಿಗೆ ಗಾಜು ವಾರದೊಳಗೆ ಮಂಜುಮಂಜಾಗುತ್ತದೆ. ಬಂದ ದಿನವೇ ಅವಳು ಬಟ್ಟೆ, ಬಾಟಲಿ ನನ್ನ ಕೈಗಿಟ್ಟಳು.

“ಇನ್ನು ಪ್ರತಿ ಶನಿವಾರ ನಿನ್ನ ಸರದಿ. ನಾನು ನೆನಪು ಮಾಡಲ್ಲ. ಅದು ನಿನ್ನ ಇಲಾಖೆ ತಾನೇ!”