ಕಾಶ್ಯಪ ಗೋತ್ರದ ಫ್ರೆಂಚ್ ಪಾಳೇಗಾರ

ನಮ್ಮ ಭಾವನಿಗೆ ಎರಡು ಸಂಸಾರ! ಒಂದು ವಾಷಿಂಗ್ಟನ್ನಿನಲ್ಲಿ, ನಮ್ಮಕ್ಕನ ಜೊತೆ. ಇನ್ನೊಂದು ಎಂಟುನೂರು ವರ್ಷ ಹಿಂದಿನ ಫ್ರಾನ್ಸಿನಲ್ಲಿ. ಗಾಬರಿಯಾಗಬೇಡಿ, ಅಕ್ಕನಿಗೆ ಎರಡೂ ಗೊತ್ತು.

ಆಫೀಸಿನಿಂದ ಊಟದ ಹೊತ್ತಿಗೆ ಲೈಬ್ರರಿಗೆ ಓಡುವುದು ಭಾವನ ಚಟ. ಅಲ್ಲೇ ಹಳೆಯ ಚರಿತ್ರೆ ಪುಸ್ತಕವೊಂದರಲ್ಲಿ ಗಂಟುಬಿದ್ದವನು ಗೋಂಟ್ರಾನ್ ಎಂಬ ಪುಟ್ಟ ಪಾಳೇಗಾರ. ಮಹಾಶೂರನೇ? ಎಲ್ಲಿ ಬಂತು! ಯುದ್ಧಕ್ಕೆ ಹೊರಟು, ದಾರಿಯಲ್ಲೇ ಕುದುರೆಯಿಂದ ಬಿದ್ದು ಮನೆಗೆ ಬಂದವನು. ಒಬ್ಬಳು ಸತ್ತ ಮೇಲೆ ಒಬ್ಬಳಂತೆ ಮೂವರು ಹೆಂಡತಿಯರು. ಮಗ ಎಳೆಯದರಲ್ಲೇ ಜ್ವರ ಬಂದು ಹೋದ, ಮಗಳು ಮಠ ಸೇರಿದಳು, ವಂಶ ಅಲ್ಲಿಗೆ ಮುಗಿಯಿತು. ಮಕ್ಕಳಿಲ್ಲದ ನಮ್ಮ ಭಾವನಿಗೆ ಇವನ ಮೇಲೆ ಅದೇನು ಮಮತೆಯೋ!

ಒಮ್ಮೆ ಅಕ್ಕ-ಭಾವ ಬಂದಿದ್ದಾಗ ಫೋರ್ಟ್ ಮಿಲ್ ಊರಿನ ನಮ್ಮ ಮನೆಯಲ್ಲಿ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಎಲ್ಲರದೂ ಗ್ರೀನ್ ಕಾರ್ಡ್ ಜಪ. ಭಾವ ಮಾತ್ರ, "ಪಾಪ, ಗೋಂಟ್ರಾನ್ ಮಗಳು ಮದುವೇನೇ ಬೇಡ ಅಂದ್ಬಿಟ್ಟಳು" ಎಂದು ನಿಟ್ಟುಸಿರುಬಿಟ್ಟರು. ಪಕ್ಕದಲ್ಲಿ ಕೂತಿದ್ದ ಆಂಟಿಯೊಬ್ಬರ ಕಿವಿ ನೆಟ್ಟಗಾಯಿತು.

"ಅಲ್ಫರೆಟಾದಲ್ಲಿ ನನ್ನ ತಮ್ಮನ ಮಗ ಇದಾನೆ. ಮಾತಾಡಿ ನೋಡ್ಲಾ? ಹುಡುಗೀಗೆ ಎಷ್ಟು ವಯಸ್ಸು?"

ಭಾವ ಗಂಭೀರವಾಗಿ ಲೆಕ್ಕ ಹಾಕಿ ಹೇಳಿದರು. ಅಂದಿನಿಂದ ಆ ಆಂಟಿ ನಮ್ಮ ಮನೆಗೆ ಬಂದರೆ, ಭಾವ ಇದ್ದಾರಾ ಎಂದು ಬಾಗಿಲಲ್ಲೇ ವಿಚಾರಿಸಿಕೊಂಡು ಒಳಗೆ ಕಾಲಿಡುತ್ತಿದ್ದರು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ, ನಮ್ಮ ತಂದೆಗೆ ತರ್ಪಣ ಬಿಡಲು ಪುರೋಹಿತರನ್ನು ಕರೆಸಿದ್ದೆ. ಅಕ್ಕನ ಜೊತೆ ಬಂದಿದ್ದ ಭಾವನೂ ಪಕ್ಕದಲ್ಲಿ ಕೂತರು. ತಮ್ಮ ಹಿರಿಯರಿಗೆಲ್ಲ ಎಳ್ಳುನೀರು ಬಿಟ್ಟಾದ ಮೇಲೆ, "ಇನ್ನೊಬ್ಬರಿದಾರೆ. ಗೋಂಟ್ರಾನ್ ಅಂತ" ಎಂದರು.

"ಗೋತ್ರ?"

"ಫ್ರಾನ್ಸಿನವರಿಗೆ ಅದೆಲ್ಲ ಇರಲ್ಲ."

ನಮ್ಮ ಪುರೋಹಿತರು ಜಗ್ಗುವ ಪೈಕಿಯೇ? "ಇಲ್ಲದೋರಿಗೆಲ್ಲ ಕಾಶ್ಯಪ. ಏನ್ ಮಾಡ್ಕೊಂಡಿದ್ರು?"

"ಸಣ್ಣದೊಂದು ಕೋಟೆ ಇತ್ತು."

"ಹಾಗಾದ್ರೆ ಕ್ಷತ್ರಿಯರು. ವರ್ಮ ಅನ್ನಿ."

ಹೀಗೆ ನಮ್ಮ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಕಾಶ್ಯಪ ಗೋತ್ರೋದ್ಭವ ಗೋಂಟ್ರಾನ್ ವರ್ಮ ಅವತರಿಸಿದ! ನಾನು ಬಾಯಿಗೆ ಪಂಚೆ ಒತ್ತಿಕೊಂಡು ನಕ್ಕೆ.

ಒಳಗಿನಿಂದ ಅಕ್ಕ, "ಕಾಡುಹಂದಿ ತಿಂದು ಬೆಳೆದೋನಿಗೆ ನಿಮ್ಮ ಎಳ್ಳು ಯಾವ ಮೂಲೆಗೆ?" ಎಂದಳು.

ಭಾವ ನಗಲಿಲ್ಲ. "ಅವನಿಗೆ ಹಿಂದೆ ಯಾರೂ ಇಲ್ಲ ಕಣೆ" ಎಂದವರು ಎಳ್ಳಿನ ಬಟ್ಟಲು ಹತ್ತಿರ ಎಳೆದುಕೊಂಡು, "ನಮ್ಮ ಹಾಗೇನೇ. ನಾಳೆ ನಮ್ಮ ಹೆಸರು ಹೇಳಿ ನೀರು ಬಿಡೋರು ಯಾರಿದಾರೆ?" ಎಂದರು.

ನಾನಿದ್ದೀನಲ್ಲ ಭಾವ, ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅಕ್ಕ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಹೊರಗೆ ಬಂದಳು. ಅವರ ಪಕ್ಕ ಕೂತು, ಅಂಗೈಗೆ ತಾನೇ ಎಳ್ಳು ಹಾಕಿದಳು.

"ಅವನ ಹೆಂಡ್ತೀರಿಗೂ ಬಿಡ್ರೀ, ಪಾಪ. ಇಷ್ಟು ವರ್ಷ ಆದ್ಮೇಲೆ ಅವನಿಗೆ ನಿಮ್ಮಂಥ ಹುಚ್ಚ ಒಬ್ಬ ಸಿಗಲಿಲ್ವಾ? ನಮಗೂ ಎಲ್ಲೋ ಒಬ್ಬ ಹುಟ್ತಾನೆ ಬಿಡಿ."